ಗುಲ್ಮ, ರಕ್ತೋತ್ಪತ್ತಿ ಮತ್ತು ಲ್ಯುಕೇಮಿಯ

ಹೊಟ್ಟೆಯ ಎಡಭಾಗದಲ್ಲಿ, ಪಕ್ಕೆಲುಬುಗಳ ಮರೆಯಲ್ಲಿರುವ ಅವಯವವೇ ಗುಲ್ಮ. ಅಮರಕೋಶವು ಗುಲ್ಮ, ಪ್ಲೀಹ ಎಂಬ ಶಬ್ದಗಳನ್ನು ಪರ್ಯಾಯಗಳಾಗಿ ಹೇಳುತ್ತದೆ. ಆರೋಗ್ಯವಂತ ವಯಸ್ಕರಲ್ಲಿ ಇದರ ತೂಕ ಸುಮಾರು 150 ಗ್ರಾಂ. ಗರ್ಭಸ್ಥ ಶಿಶುವಿನಲ್ಲಿ ಯಕೃತ್ತಿನೊಡನೆ ಗುಲ್ಮವೂ ಕೆಲಕಾಲ ಕೆಂಪು ರಕ್ತಕಣಗಳನ್ನು ಉತ್ಪಾದಿಸುತ್ತದೆ. ಜನನದ ವೇಳೆಗೆ ಆ ಕಾರ್ಯ ಅಸ್ಥಿಮಜ್ಜೆಯದಾಗುತ್ತದೆ. ಅಲ್ಲಿಂದ ಮುಂದೆ ಗುಲ್ಮದ ಕೆಲಸ ಹುಟ್ಟಿಸುವುದಲ್ಲ, ಸೋಸುವುದು. ಸುಮಾರು 120 ದಿನ ಬಾಳಿ ಮುಪ್ಪಾದ ಕೆಂಪುಕಣಗಳನ್ನು ಅದು ರಕ್ತಪ್ರವಾಹದಿಂದ ತೆಗೆದುಹಾಕುತ್ತದೆ.

1845ರಲ್ಲಿ ಎಡಿನ್‌ಬರೋದ ಬೆನೆಟ್ ಹಾಗೂ ಬರ್ಲಿನ್ನಿನ ವಿರ್ಕೊ ಅವರು ಪ್ರತ್ಯೇಕವಾಗಿ ವರ್ಣಿಸಿದ ರೋಗಿಗಳಲ್ಲಿ ಗುಲ್ಮವು ವಿಪರೀತ ಹಿಗ್ಗಿತ್ತು. 'ಬಿಳಿಯ ರಕ್ತ' ಎಂಬ ಗ್ರೀಕ್ ಅರ್ಥದ 'ಲ್ಯುಕೇಮಿಯ' ಎಂಬ ಹೆಸರನ್ನು ಕೊಟ್ಟವರು ವಿರ್ಕೊ. ರಕ್ತದ ತವರು ಅಸ್ಥಿಮಜ್ಜೆಯೆಂಬುದು 1868ರಲ್ಲಿ ನ್ಯೂಮನ್ ಮತ್ತು ಬಿಜೊಜೆರೊ ಅವರ ಶೋಧನೆಗಳಿಂದ ತಿಳಿದುಬಂದಿತು.

ಲ್ಯುಕೇಮಿಯದಲ್ಲಿ ವಿಕೃತ ಬಿಳಿಕಣಗಳು ಮಜ್ಜೆಯನ್ನು ಆಕ್ರಮಿಸುವುದರಿಂದ ಕೆಂಪುಕಣಗಳ ಉತ್ಪಾದನೆ ಕುಗ್ಗುತ್ತದೆ. ಆಗ ಗುಲ್ಮವು ತನ್ನ ಹಳೆಯ ವೃತ್ತಿಗೆ ಮರಳಿ ಕೊರತೆಯನ್ನು ತುಂಬೀತೆಂದು ಭಾವಿಸುವುದು ಸಹಜ. ಮಜ್ಜೆಯು ನಾರುಗಟ್ಟುವ ಕಾಯಿಲೆಗಳಲ್ಲಿ ಇಂತಹ ಮರುಉತ್ಪಾದನೆ ಸ್ಪಷ್ಟವಾಗಿಯೇ ಕಾಣುತ್ತದೆ. ಆದರೆ ಅದರಿಂದ ದೊರೆಯುವ ಕಣಗಳು ಸಾಲವು. ಲ್ಯುಕೇಮಿಯದಲ್ಲಂತೂ ಗುಲ್ಮವು ಹಿಗ್ಗುವುದು ಬಹುಮಟ್ಟಿಗೆ ರೋಗಕಣಗಳು ಅಲ್ಲಿ ತುಂಬಿಕೊಳ್ಳುವುದರಿಂದ. ಹಿಗ್ಗಿದ ಗುಲ್ಮವು ಇರುವ ಕೆಂಪುಕಣಗಳನ್ನೂ ತಡೆದಿಟ್ಟು ನಾಶಗೊಳಿಸಿ ರಕ್ತಹೀನತೆಯನ್ನು ಹೆಚ್ಚಿಸಬಲ್ಲದು. ಆದ್ದರಿಂದ ಅದರ ಊತವು ದೇಹದ ಚೇತರಿಕೆಯ ಸೂಚನೆಯಲ್ಲ, ರೋಗದ ಲಕ್ಷಣ.

ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯದಲ್ಲಿ ಈ ಊತ ವಿಶೇಷವಾಗಿ ಕಂಡುಬರುತ್ತದೆ. ಅಮೆರಿಕದಲ್ಲಿ 2001ರಲ್ಲಿ ಮಾನ್ಯತೆ ಪಡೆದ ಇಮಾಟಿನಿಬ್ ಔಷಧವು ರೋಗಕಣಗಳನ್ನು ಬೆಳೆಸುವ ದೋಷಯುಕ್ತ ಕಿಣ್ವವನ್ನೇ ತಡೆಯುತ್ತದೆ. ಮಜ್ಜೆಯು ತೆರವಾದಂತೆ ಗುಲ್ಮವು ಕುಗ್ಗುತ್ತದೆ, ಕೆಂಪುಕಣಗಳು ಮತ್ತೆ ಹುಟ್ಟುತ್ತವೆ. ಹೈದರಾಬಾದಿನ ನ್ಯಾಟ್ಕೊ ಸಂಸ್ಥೆ 2003ರಲ್ಲಿ ಇದನ್ನು 'ವೀನಾಟ್' ಎಂಬ ಹೆಸರಿನಲ್ಲಿ ತಯಾರಿಸಿ ಮಾರುಕಟ್ಟೆಗೆ ತಂದಿತು. ನೊವಾರ್ಟಿಸ್ ಸಂಸ್ಥೆಯ ಗ್ಲಿವೆಕ್‌ಗೆ ತಿಂಗಳಿಗೆ ಸುಮಾರು 1,20,000 ರೂಪಾಯಿ ತಗಲುತ್ತಿದ್ದಾಗ, ಭಾರತೀಯ ತಯಾರಿಕೆಗಳು ಸುಮಾರು 10,000 ರೂಪಾಯಿಗೆ ದೊರೆಯುತ್ತಿದ್ದುವು. ನೊವಾರ್ಟಿಸ್ ಕೋರಿದ ಪೇಟೆಂಟನ್ನು ಸರ್ವೋಚ್ಚ ನ್ಯಾಯಾಲಯವು 2013ರ ಏಪ್ರಿಲ್ 1ರಂದು ನಿರಾಕರಿಸಿದುದರಿಂದ ಈ ಅಗ್ಗದ ಮಾರ್ಗವು ಮುಚ್ಚಲಿಲ್ಲ. ಚಿಕಿತ್ಸೆಗೆಂದು ಹೈದರಾಬಾದಿಗೆ ಬರುವ ಬೀದರ, ಕಲಬುರಗಿ, ರಾಯಚೂರು ಪ್ರದೇಶಗಳ ಬಡ ಕುಟುಂಬಗಳ ಮಟ್ಟಿಗೆ ಇದು ಸಾವು ಬದುಕಿನ ಅಂತರವೇ ಸರಿ.

ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಎಡಪಕ್ಕೆಯ ಕೆಳಗೆ ಭಾರ, ಕಾರಣವಿಲ್ಲದ ದಣಿವು ಇವು ಒಟ್ಟಿಗೆ ತೋರಿದಾಗ ಉಪೇಕ್ಷೆ ಸಲ್ಲದು. ಮಲೇರಿಯ ಮೊದಲಾದ ಬೇರೆ ಕಾರಣಗಳೂ ಇರಬಹುದು. ಆದರೆ ರಕ್ತಕಣಗಳ ಎಣಿಕೆಯೆಂಬ ಸರಳ ಪರೀಕ್ಷೆಯಿಂದಲೇ ನಿಜಾಂಶದ ಶೋಧನೆ ಆರಂಭವಾಗುತ್ತದೆ.