ಶ್ವೇತಭವನದ ಕಿರಿಯ ನಿವಾಸಿಗಳು

ಅರಮನೆಯಂತಹ ಭವನದಲ್ಲಿ ಕುದುರೆಯೊಂದು ಮೆಟ್ಟಿಲೇರಿ ಮಹಡಿಗೆ ಹೋಗುವುದು ಕಷ್ಟ. ಆದರೆ ಲಿಫ್ಟು ಇದ್ದರೆ? ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರ ಮಕ್ಕಳಿಗೆ ಈ ಯೋಚನೆ ಹೊಳೆದದ್ದು 1903ರಲ್ಲಿ. ಮಗ ಆರ್ಚಿ ದಡಾರದಿಂದ ಹಾಸಿಗೆ ಹಿಡಿದಿದ್ದ. ತನ್ನ ಗಿಡ್ಡ ಕುದುರೆ ಆಲ್ಗಾಂಕ್ವಿನ್ನನ್ನು ಕಾಣದೆ ಅವನು ಕೊರಗುತ್ತಿರುವುದನ್ನು ಕಂಡು, ತಮ್ಮ ಕ್ವೆಂಟಿನ್ ಅದನ್ನು ಸದ್ದಿಲ್ಲದೆ ಲಿಫ್ಟಿನೊಳಗೆ ಹತ್ತಿಸಿ ಅಣ್ಣನ ಕೋಣೆಗೆ ಕರೆತಂದ. ಕುದುರೆಯೇನೋ ಸಂತೋಷವಾಗಿ ಬಂದಿತು. ಲಿಫ್ಟಿನಲ್ಲಿದ್ದ ಕನ್ನಡಿಯಲ್ಲಿ ತನ್ನ ಮುಖವನ್ನು ಕಂಡ ಮೇಲೆ ಅದನ್ನು ಹೊರಡಿಸುವುದೇ ಪ್ರಯಾಸವಾಯಿತಂತೆ.

ವಾಷಿಂಗ್ಟನ್ನಿನ ಶ್ವೇತಭವನವೆಂದರೆ ನಮ್ಮ ಕಣ್ಣಿಗೆ ಕಟ್ಟುವುದು ಸಂಧಿಪತ್ರಗಳು, ಸೇನಾಪತಿಗಳು, ಗಂಭೀರ ಮುಖಮುದ್ರೆಗಳು. ಆದರೆ 1800ರಲ್ಲಿ ಜಾನ್ ಆಡಮ್ಸರು ಅಲ್ಲಿ ಗೃಹಪ್ರವೇಶ ಮಾಡಿದಂದಿನಿಂದ ಅದು ಸಂಸಾರವಂದಿಗರ ಮನೆಯೂ ಆಗಿದೆ. 1902ರಲ್ಲಿ ಪಶ್ಚಿಮದ ಕಚೇರಿ ಕಟ್ಟಡ ಏಳುವ ತನಕ ಒಂದೇ ಮಹಡಿಯ ಒಂದು ತುದಿಯಲ್ಲಿ ರಾಜ್ಯಭಾರವೂ ಇನ್ನೊಂದು ತುದಿಯಲ್ಲಿ ತೊಟ್ಟಿಲೂ ಇರುತ್ತಿದ್ದುವು. ಮಕ್ಕಳಿದ್ದ ಮೇಲೆ ಸಾಕುಪ್ರಾಣಿಗಳು ಬಾರದೆ ಇರುತ್ತವೆಯೆ?

ಈ ವಿಷಯದಲ್ಲಿ ರೂಸ್‌ವೆಲ್ಟರ ಮನೆಯನ್ನು ಮೀರಿಸಿದ ಮನೆ ಮತ್ತೊಂದಿಲ್ಲ. ಆರು ಮಂದಿ ಮಕ್ಕಳು. ಅವರ ಪರಿವಾರದಲ್ಲಿ ನಾಯಿ, ಬೆಕ್ಕು, ಗಿಳಿ, ಕಾಲು ಕಚ್ಚುವ ಚಾಳಿಯಿದ್ದ ಒಂದು ಬಿಲವಾಸಿ ಮೃಗ, ಅಲ್ಲದೆ ಹಿರಿಯ ಮಗಳು ಆಲಿಸಳ ಹಸುರು ಹಾವು. ಗಿನಿ ಹಂದಿಗಳಿಗೆ ಮಕ್ಕಳು ನೌಕಾಧಿಪತಿಗಳ ಹೆಸರನ್ನೂ ಧರ್ಮಗುರುಗಳ ಹೆಸರನ್ನೂ ಇಟ್ಟಿದ್ದರು. ಅವುಗಳಲ್ಲೊಂದು ‘ಫಾದರ್ ಓ’ಗ್ರೇಡಿ’. ಒಂದು ದಿನ ಮಗುವೊಂದು ಏದುಸಿರುಬಿಡುತ್ತ ಓಡಿಬಂದು, “ಫಾದರ್ ಓ’ಗ್ರೇಡಿ ಮರಿ ಹಾಕಿದ್ದಾರೆ!” ಎಂದು ಸಾರಿತು. ಬ್ರಹ್ಮಚಾರಿಯಾದ ಪಾದ್ರಿಗೆ ಇದಕ್ಕಿಂತ ದೊಡ್ಡ ಅಪವಾದ ಬರಲಾರದು. ಆಲಿಸಳ ಹಾವಳಿಯ ಬಗ್ಗೆ ಸ್ನೇಹಿತರೊಬ್ಬರು ದೂರಿದಾಗ ರೂಸ್‌ವೆಲ್ಟರು, ದೇಶವನ್ನಾಳುವುದು ಇಲ್ಲವೆ ಆಲಿಸಳನ್ನು ಅಂಕೆಯಲ್ಲಿಡುವುದು, ಎರಡರಲ್ಲೊಂದನ್ನು ತಾವು ಮಾಡಬಲ್ಲೆವು, ಎರಡನ್ನೂ ಮಾಡಲಾರೆವು ಎಂದುಬಿಟ್ಟರಂತೆ. ಹೆಣ್ಣುಮಕ್ಕಳನ್ನು ಹೆತ್ತ ಎಷ್ಟೋ ತಂದೆಯರು ದೇಶವನ್ನಾಳುವ ಹೊರೆಯಿಲ್ಲದೆಯೂ ಈ ಮಾತಿಗೆ ತಲೆದೂಗಿಯಾರು.

ಅಣ್ಣನಿಗಾಗಿ ಕುದುರೆಯನ್ನು ಲಿಫ್ಟು ಹತ್ತಿಸಿದ ಆ ಕ್ವೆಂಟಿನ್ ಮುಂದೆ ವಿಮಾನ ಹಾರಿಸುವುದನ್ನು ಕಲಿತ. 1918ರ ಜುಲೈ 14ರಂದು, ಮೊದಲನೆಯ ಮಹಾಯುದ್ಧದಲ್ಲಿ, ಫ್ರಾನ್ಸಿನ ಆಕಾಶದಲ್ಲಿ ಹೋರಾಡುತ್ತ ಮಡಿದ. ಆಗ ಅವನಿಗೆ ಇಪ್ಪತ್ತೇ ವರ್ಷ. ಆರು ತಿಂಗಳು ತುಂಬುವುದರೊಳಗೆ ತಂದೆಯೂ ತೀರಿಕೊಂಡರು.

ರೂಸ್‌ವೆಲ್ಟರ ತರುವಾಯ ಬಂದ ಟಾಫ್ಟರು ಸ್ಥೂಲಕಾಯರು, ಹಾಲು ಬೆಣ್ಣೆಗಳ ಪಕ್ಷಪಾತಿಗಳು. ಅವರ ಹಸು ಪಾಲಿನ್ ವೇನ್ 1910ರಿಂದ 1913ರ ತನಕ ಶ್ವೇತಭವನದ ಬಳಿಯ ಹುಲ್ಲು ಹಾಸಿನಲ್ಲಿ ಮೇಯುತ್ತಿತ್ತು. ಅಧ್ಯಕ್ಷರ ಮನೆಯಲ್ಲಿ ಕರಾವಿಗಿದ್ದ ಕೊನೆಯ ಹಸು ಅದೇ. ವುಡ್ರೋ ವಿಲ್ಸನ್ನರ ಕಾಲದಲ್ಲಿ ಹಸುವಿನ ಜಾಗಕ್ಕೆ ಕುರಿಗಳು ಬಂದುವು. ಯುದ್ಧಕಾಲ, ಹುಲ್ಲು ಕತ್ತರಿಸಲು ಆಳುಗಳಿಲ್ಲ. ಆ ಕೆಲಸವನ್ನು ಕುರಿಗಳು ಸಂಬಳವಿಲ್ಲದೆ ಮಾಡಿದುವು. ಅವುಗಳ ಉಣ್ಣೆಯನ್ನು ಹರಾಜು ಹಾಕಿ ಬಂದ 50,000 ಡಾಲರಿಗೂ ಮಿಕ್ಕ ಹಣ ರೆಡ್ ಕ್ರಾಸ್ ಸಂಸ್ಥೆಗೆ ಸಂದಿತು. ಮಂದೆಯ ಹಿರಿಯ ಟಗರಿಗೆ ಮಾತ್ರ ಹೊಗೆಸೊಪ್ಪು ಅಗಿಯುವ ದುರಭ್ಯಾಸವಿತ್ತು.

1926ರಲ್ಲಿ ಕೂಲಿಜರಿಗೆ ಹಬ್ಬದ ಅಡಿಗೆಗೆಂದು ಮಿಸಿಸಿಪಿಯಿಂದ ಜೀವಂತ ರಕೂನ್ ಒಂದು ಬಂದಿತು. ಬಾಲದ ತುಂಬ ಉಂಗುರಗಳು, ಕಣ್ಣಿನ ಸುತ್ತ ಕಳ್ಳನ ಮುಸುಕಿನಂತಹ ಕಪ್ಪು ಪಟ್ಟೆ ಇರುವ ಪ್ರಾಣಿ ಅದು. ಮನೆಯವರಿಗೆ ಕೊಲ್ಲಲು ಮನಸ್ಸಾಗದೆ ರೆಬೆಕ್ಕಾ ಎಂದು ಹೆಸರಿಟ್ಟು ಸಾಕಿಕೊಂಡರು. 1961ರಲ್ಲಿ ರಷ್ಯದ ಕ್ರುಶ್ಚೇವರು ಕೆನೆಡಿಯವರ ಮನೆಗೆ ಪುಷಿಂಕಾ ಎಂಬ ನಾಯಿಮರಿಯನ್ನು ಕಳುಹಿಸಿದರು. ಅದರ ತಾಯಿ 1960ರಲ್ಲಿ ಬಾಹ್ಯಾಕಾಶವನ್ನು ಸುತ್ತಿಬಂದ ಸ್ಟ್ರೆಲ್ಕಾ. ಎರಡು ರಾಷ್ಟ್ರಗಳಿಗೂ ಎಣ್ಣೆ-ಸೀಗೆಕಾಯಿಯಂತಿದ್ದ ಕಾಲ. ಮರಿಯ ಮೈಯಲ್ಲಿ ಗೂಢಚಾರ ಯಂತ್ರವೇನಾದರೂ ಅಡಗಿದೆಯೆ ಎಂದು ಪರೀಕ್ಷಿಸಿದ ಮೇಲೆಯೇ ಅದನ್ನು ಮಕ್ಕಳ ಕೈಗೆ ಕೊಟ್ಟದ್ದು.

ಬೇಡವೆಂದ ಉಡುಗೊರೆಯೂ ಒಂದುಂಟು. ಅಮೆರಿಕದ ಕಾಡುಗಳಲ್ಲಿ ಆನೆಗಳಿಲ್ಲವೆಂದು ಕೇಳಿ ಮರುಗಿದ ಸಯಾಮಿನ ದೊರೆ ಮೋಂಗ್‌ಕುಟ್, ಸಂತಾನಾಭಿವೃದ್ಧಿಗಾಗಿ ಕೆಲವು ಜೋಡಿ ಆನೆಗಳನ್ನು ಕಳುಹಿಸುವುದಾಗಿ ಪತ್ರ ಬರೆದರು. ಅಬ್ರಹಾಂ ಲಿಂಕನ್ನರು 1862ರ ಫೆಬ್ರವರಿ 3ರಂದು ಬಹಳ ನಯವಾಗಿ ಉತ್ತರವಿತ್ತರು: ತಮ್ಮ ದೇಶದ ಹವೆ ಆನೆಗಳ ವೃದ್ಧಿಗೆ ಒಗ್ಗದು, ಹೊರೆ ಎಳೆಯುವುದಕ್ಕೆ ಉಗಿಯಂತ್ರವೇ ಇದೆ.

ಆ ದಿನಗಳಲ್ಲಿ ಲಿಂಕನ್ನರ ಇಬ್ಬರು ಕಿರಿಯ ಮಕ್ಕಳು, ವಿಲ್ಲಿ ಮತ್ತು ಟ್ಯಾಡ್, ಭವನವನ್ನೆಲ್ಲ ಆಟದ ಬಯಲು ಮಾಡಿಕೊಂಡಿದ್ದರು. ದೇಶದಲ್ಲಿ ಅಂತರ್ಯುದ್ಧ, ಮಕ್ಕಳಲ್ಲೂ ಯುದ್ಧದ ಆಟವೇ. ಜ್ಯಾಕ್ ಎಂಬ ಸೈನಿಕನ ಬೊಂಬೆ ಪಹರೆಯಲ್ಲಿ ನಿದ್ರೆ ಹೋದ ಅಪರಾಧಕ್ಕಾಗಿ ಪದೇ ಪದೇ ಮರಣದಂಡನೆಗೆ ಗುರಿಯಾಗಿ ಗುಲಾಬಿ ಗಿಡಗಳ ಬುಡದಲ್ಲಿ ಹೂಳಲ್ಪಡುತ್ತಿತ್ತು. ತೋಟದವನಿಗೆ ಇದು ಸಾಕಾಗಿಹೋಗಿ, ಜ್ಯಾಕನಿಗೆ ಅಧ್ಯಕ್ಷರಿಂದ ಕ್ಷಮಾದಾನ ಕೊಡಿಸಬಾರದೆ ಎಂದು ಸೂಚಿಸಿದ. ಮಕ್ಕಳು ತಂದೆಯ ಬಳಿಗೆ ಅಹವಾಲು ಒಯ್ದರು. ಲಿಂಕನ್ನರು ವಿಚಾರಣೆ ನಡೆಸಿ, ಬೊಂಬೆಯನ್ನು ಕ್ಷಮಿಸಿದೆಯೆಂದು ಕಾಗದದ ಮೇಲೆ ಬರೆದು ರುಜು ಹಾಕಿಕೊಟ್ಟರು. ನಿಜವಾಗಿ ಪಹರೆಯಲ್ಲಿ ನಿದ್ರಿಸಿ ಸಾವಿಗೆ ಗುರಿಯಾದ ಹುಡುಗರ ಕಾಗದಗಳೂ ಅದೇ ಮೇಜಿಗೆ ಬರುತ್ತಿದ್ದುವು. ಶಿಸ್ತು ಕೆಡುತ್ತದೆಯೆಂದು ಸೇನಾಪತಿಗಳು ಗೊಣಗುತ್ತಿದ್ದರೂ ಲಿಂಕನ್ನರು ಅವರಲ್ಲಿ ಅನೇಕರ ಪ್ರಾಣ ಉಳಿಸಿದರು.

ಆನೆಗಳ ಪತ್ರಕ್ಕೆ ರುಜು ಬಿದ್ದು ಮೂರು ವಾರ ಕಳೆದಿರಲಿಲ್ಲ. ಫೆಬ್ರವರಿ 20ರಂದು ಹನ್ನೊಂದು ವರ್ಷದ ವಿಲ್ಲಿ ವಿಷಮಶೀತ ಜ್ವರದಿಂದ ತೀರಿಹೋದ. ಅವನ ಗಿಡ್ಡ ಕುದುರೆ ಲಾಯದಲ್ಲಿ ಉಳಿಯಿತು. ಎರಡು ವರ್ಷಗಳ ಮೇಲೆ, 1864ರ ಫೆಬ್ರವರಿ 10ರ ರಾತ್ರಿ, ಆ ಲಾಯಕ್ಕೆ ಬೆಂಕಿ ಬಿದ್ದಿತು. ಲಿಂಕನ್ನರು ಓಡಿಬಂದು, ಬೇಲಿಯನ್ನು ಹಾರಿ, ಬಾಗಿಲನ್ನು ತಾವೇ ತೆರೆದರು. ಒಳಗೆಲ್ಲ ಉರಿ. ನುಗ್ಗಹೊರಟ ಅವರನ್ನು ಕಾವಲಿನವರು ಹಿಡಿದು ಒಳಕ್ಕೆ ಕರೆತರಬೇಕಾಯಿತು. ಆಮೇಲೆ ಕಾವಲಿನವರು ನೋಡಿದಾಗ ಅಧ್ಯಕ್ಷರು ಕಿಟಕಿಯ ಬಳಿ ನಿಂತು, ಉರಿಯುವ ಲಾಯವನ್ನೇ ನೋಡುತ್ತ ಅಳುತ್ತಿದ್ದರು. ಕುದುರೆ ವಿಲ್ಲಿಯದೆಂದು ಟ್ಯಾಡ್ ಅವರಿಗೆ ತಿಳಿಸಿದ.

ಟ್ಯಾಡನಿಗೆ ಆ ವೇಳೆಗೆ ಮತ್ತೊಬ್ಬ ಜ್ಯಾಕ್ ದೊರೆತಿದ್ದ: ಹಬ್ಬದೂಟಕ್ಕೆಂದು ಬಂದ ಟರ್ಕಿ ಕೋಳಿ. ಹುಡುಗ ಅದನ್ನು ಪಳಗಿಸಿ ಬೆನ್ನ ಹಿಂದೆಯೇ ತಿರುಗಿಸುತ್ತಿದ್ದ. ಕೊಯ್ಯುವ ಕಾಲ ಬಂದಾಗ ಅಳುತ್ತ ತಂದೆಯ ಕಚೇರಿಗೆ ನುಗ್ಗಿದ. ಈ ಜ್ಯಾಕನಿಗೂ ಕ್ಷಮಾಪತ್ರ ದೊರೆಯಿತು.

1864ರ ನವೆಂಬರಿನಲ್ಲಿ ಅಧ್ಯಕ್ಷ ಪದವಿಗೆ ಚುನಾವಣೆ. ಲಿಂಕನ್ನರು ಗೆಲ್ಲುವರೋ ಸೋಲುವರೋ ಎಂದು ದೇಶವೇ ಉಸಿರು ಬಿಗಿಹಿಡಿದಿತ್ತು. ಶ್ವೇತಭವನದ ಕಾವಲಿನ ಸೈನಿಕರು ಅಂಗಳದಲ್ಲಿಯೇ ಮತ ಹಾಕುತ್ತಿದ್ದರು. ಟ್ಯಾಡ್ ಓಡಿಬಂದು ತಂದೆಯನ್ನು ಕಿಟಕಿಯ ಬಳಿಗೆ ಎಳೆದ. ಸೈನಿಕರ ನಡುವೆ ಜ್ಯಾಕ್ ಠೀವಿಯಿಂದ ಅಡ್ಡಾಡುತ್ತಿತ್ತು.

“ನಿನ್ನ ಕೋಳಿಗೆ ಅಲ್ಲೇನು ಕೆಲಸ? ಅದೂ ವೋಟು ಹಾಕುತ್ತದೆಯೇ?” ಎಂದು ಲಿಂಕನ್ನರು ಕೇಳಿದರು.

“ಇಲ್ಲ ಅಪ್ಪ, ಅದಕ್ಕಿನ್ನೂ ವಯಸ್ಸಾಗಿಲ್ಲ” ಎಂದ ಮಗ.

ಈ ಉತ್ತರವನ್ನು ಲಿಂಕನ್ನರು ಆಮೇಲೆ ಇತರರಿಗೆ ಹೇಳಿ ಹೇಳಿ ನಗುತ್ತಿದ್ದರಂತೆ.