ಟಂಕಸಾಲೆಯ ತಪ್ಪೋ, ಬೀದಿಯ ಪೆಟ್ಟೋ?

ಹಿರಿಯೂರಿನ ಅಂಗಡಿಯೊಂದರಲ್ಲಿ ಚಿಲ್ಲರೆಯಾಗಿ ಬಂದ ರೂಪಾಯಿಯ ಮೇಲೆ ಚಿತ್ರವು ಒಂದು ಪಕ್ಕಕ್ಕೆ ಸರಿದು, ಇನ್ನೊಂದು ಪಕ್ಕ ಬರಿದಾಗಿದೆಯೆಂದು ಭಾವಿಸೋಣ. ‘ಇದು ಟಂಕಸಾಲೆಯ ತಪ್ಪು, ಸಂಗ್ರಾಹಕರು ಹೆಚ್ಚಿನ ಬೆಲೆ ಕೊಡುವರು’ ಎನ್ನುವನೊಬ್ಬ. ‘ಯಾರೋ ಸುತ್ತಿಗೆಯಿಂದ ಕುಟ್ಟಿದ್ದಾರೆ’ ಎನ್ನುವನು ಇನ್ನೊಬ್ಬ. ಯಾರ ಮಾತು ನಿಜ? ಇದನ್ನು ವಾದದಿಂದ ತೀರ್ಮಾನಿಸಲಾಗದು. ನಾಣ್ಯವು ಹುಟ್ಟುವ ಬಗೆಯನ್ನು ತಿಳಿದವರಿಗೆ ನಾಣ್ಯವೇ ಉತ್ತರ ಹೇಳುವುದು.

ಮುಂಬಯಿ, ಕೋಲ್ಕತ್ತ, ಹೈದರಾಬಾದು, ನೋಯ್ಡಾಗಳಲ್ಲಿ ಭಾರತ ಸರ್ಕಾರದ ಟಂಕಸಾಲೆಗಳಿವೆ. ಲೋಹದ ಹಾಳೆಯಿಂದ ದುಂಡನೆಯ ಬಿಲ್ಲೆಗಳನ್ನು ಕತ್ತರಿಸುವುದು ಮೊದಲ ಕೆಲಸ. ಬಳಿಕ ಬಿಲ್ಲೆಗಳನ್ನು ಕಾಯಿಸಿ ಮೆದುಗೊಳಿಸಿ, ಅಂಚನ್ನು ಒತ್ತಿ ತುಸು ಎತ್ತರಿಸುವರು. ಕೊನೆಗೆ ಬಿಲ್ಲೆಯು ಉಕ್ಕಿನ ಬಳೆಯೊಳಗೆ ಕುಳಿತು, ಮೇಲಿನ ಮತ್ತು ಕೆಳಗಿನ ಅಚ್ಚುಗಳ ನಡುವೆ ಅನೇಕ ಟನ್ನುಗಳ ಒತ್ತಡಕ್ಕೆ ಒಳಗಾಗುವುದು. ಆ ಕ್ಷಣದಲ್ಲಿ ಗಟ್ಟಿ ಲೋಹವೂ ಜೇಡಿಮಣ್ಣಿನಂತೆ ಹರಿದು ಅಚ್ಚಿನ ಕುಳಿಗಳನ್ನು ತುಂಬುವುದು. ಈ ಹಂತಗಳಲ್ಲಿ ಆಗಬಹುದಾದ ದೋಷ ಮಾತ್ರ ಟಂಕಸಾಲೆಯದು. ಉಳಿದುದೆಲ್ಲವೂ ಆಮೇಲೆ ಆದ ಹಾನಿ.

ಮೊದಲು ಗೆರೆಗಳನ್ನು ನೋಡೋಣ. ಅಚ್ಚಿನಲ್ಲಿ ತಗ್ಗಾಗಿರುವುದು ನಾಣ್ಯದಲ್ಲಿ ಉಬ್ಬಾಗಿ ಮೂಡುವುದು. ಆದುದರಿಂದ ಬಿರುಕು ಬಿಟ್ಟ ಅಚ್ಚಿನಿಂದ ಬಂದ ನಾಣ್ಯದಲ್ಲಿ ಉಬ್ಬುಗೆರೆ ಇರುವುದು. ಮೊಳೆಯಿಂದ ಗೀರಿದ ಗೆರೆಯಾದರೋ ತಗ್ಗಾಗಿದ್ದು, ನೇಗಿಲ ಸಾಲಿನ ಮಣ್ಣಿನಂತೆ ಅದರ ಪಕ್ಕದಲ್ಲಿ ಲೋಹವು ಎದ್ದಿರುವುದು. ಅಚ್ಚಿನ ಕುಳಿಯಲ್ಲಿ ಜಿಡ್ಡು ತುಂಬಿದ್ದರೆ ಅಕ್ಷರವೊಂದು ಮೂಡದೆ ಹೋಗಬಹುದು. ಆದರೆ ಆ ಜಾಗದಲ್ಲಿ ಉಜ್ಜಿದ ಗುರುತು ಇರದು. ಒಂದು ಭೂತಗನ್ನಡಿಯಿದ್ದರೆ ಇಷ್ಟನ್ನು ಯಾರಾದರೂ ಕಾಣಬಹುದು.

ಅಂಚು ಕಚ್ಚಿದಂತಿರುವ ನಾಣ್ಯಗಳೂ ಉಂಟು. ಬಿಲ್ಲೆ ಕತ್ತರಿಸುವಾಗ ಯಂತ್ರವು ಹಿಂದಿನ ರಂಧ್ರದ ಮೇಲೆಯೇ ಬಿದ್ದರೆ ಬಿಲ್ಲೆಯಲ್ಲಿ ಬಿಲ್ಲಿನಂತೆ ಬಾಗಿದ ಕಚ್ಚು ಉಳಿಯುವುದು. ಆಗ ಅಂಚನ್ನು ಎತ್ತರಿಸುವ ಯಂತ್ರದಲ್ಲಿ ಕಚ್ಚಿಗೆ ನೇರ ಎದುರಿನ ಅಂಚಿಗೂ ಒತ್ತಡ ಸಾಲದೆ, ಅದೂ ಮಸುಕಾಗುವುದುಂಟು. ಅರದಿಂದ ಉಜ್ಜಿದವನು ಒಂದು ಕಡೆ ಮಾತ್ರ ಕೆಲಸಮಾಡಿರುವನು; ಎದುರು ಅಂಚು ಎಂದಿನಂತೆಯೇ ಇರುವುದು.

ಇನ್ನು ತೂಕ. ಹೊಸದುರ್ಗದ ಅಕ್ಕಸಾಲಿಗನ ತಕ್ಕಡಿಯೇ ಇದಕ್ಕೆ ಸಾಕು. 1992ರ ಮಾದರಿಯ ಉಕ್ಕಿನ ರೂಪಾಯಿ 4.85 ಗ್ರಾಂ, 2011ರದು 3.79 ಗ್ರಾಂ, 2019ರದು 3.09 ಗ್ರಾಂ ತೂಗಬೇಕು. ಹೊಸ ನಾಣ್ಯ ಹಗುರವೆಂದ ಮಾತ್ರಕ್ಕೆ ಅದು ತಪ್ಪು ನಾಣ್ಯವಲ್ಲ. ಅದರದೇ ಮಾದರಿಯೊಡನೆ ಹೋಲಿಸಬೇಕು. ಚಿತ್ರ ಪಕ್ಕಕ್ಕೆ ಸರಿದ ನಿಜವಾದ ತಪ್ಪು ನಾಣ್ಯದಲ್ಲಿ ಲೋಹವೆಲ್ಲವೂ ಇರುವುದರಿಂದ ತೂಕ ಸರಿಯಾಗಿರುವುದು. ಆಮ್ಲದಲ್ಲಿ ಅದ್ದಿದ ಅಥವಾ ಅರದಿಂದ ಉಜ್ಜಿದ ನಾಣ್ಯ ತೂಕ ಕಳೆದುಕೊಂಡಿರುವುದು. ಆದರೆ ತಕ್ಕಡಿಯೊಂದನ್ನೇ ನಂಬಲಾಗದು. ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರಿನಲ್ಲಿ ರೈಲಿನ ಗಾಲಿಗೆ ಸಿಕ್ಕಿದ ನಾಣ್ಯವೂ ತೂಕದಲ್ಲಿ ಸರಿಯಾಗಿಯೇ ಇದ್ದೀತು. ಅದು ಹಿಗ್ಗಿ ತೆಳುವಾಗಿರುವುದೂ ಅಕ್ಷರಗಳು ಚಪ್ಪಟೆಯಾಗಿರುವುದೂ ಅದರ ಗುಟ್ಟನ್ನು ಹೊರಗೆಡಹುವುವು.

ಮೋಸಗಾರರಿಗೆ ಪ್ರಿಯವಾದುದು ಕನ್ನಡಿಯ ಬಿಂಬದಂತೆ ತಿರುವಾದ ಅಕ್ಷರಗಳ ನಾಣ್ಯ. ಅಚ್ಚೊತ್ತಿದ ನಾಣ್ಯವು ಹೊರಬೀಳದೆ ಅಚ್ಚಿಗೆ ಅಂಟಿಕೊಂಡರೆ, ಅದೇ ಅಚ್ಚಾಗಿ ಮುಂದಿನ ಬಿಲ್ಲೆಯ ಮೇಲೆ ತಿರುವಾದ ತಗ್ಗು ಚಿತ್ರವನ್ನು ಒತ್ತುವುದು. ಅಲ್ಲಿ ಬೇರೆ ಚಿತ್ರವಿರದು. ಇನ್ನೊಂದು ಮುಖವು ಸರಿಯಾಗಿಯೇ ಇರುವುದು. ಎರಡು ನಾಣ್ಯಗಳನ್ನು ಜೋಡಿಸಿ ಇಕ್ಕುಳದಲ್ಲಿ ಒತ್ತಿದರೂ ತಿರುವಾದ ಅಕ್ಷರಗಳು ಬರುವುವು. ಆದರೆ ಅವುಗಳ ಅಡಿಯಲ್ಲಿ ಚಪ್ಪಟೆಯಾದ ಹಳೆಯ ಚಿತ್ರವು ಇಣುಕುವುದು.

ಹಳೆಯ ನಾಣ್ಯಗಳಿಗೂ ಇದೇ ಅಳತೆಗೋಲು ಸಲ್ಲುವುದೇ? ಸಲ್ಲದು, ಅವು ಹುಟ್ಟಿದ ಬಗೆಯೇ ಬೇರೆ. 1779ರಲ್ಲಿ ಹೈದರಾಲಿಯ ವಶವಾದ ಚಿತ್ರದುರ್ಗದಲ್ಲಿ ಟಿಪ್ಪುವಿನ ಟಂಕಸಾಲೆಯೊಂದಿತ್ತು. ಅಲ್ಲಿನ ತಾಮ್ರದ ಕಾಸುಗಳ ಒಂದು ಮುಖದಲ್ಲಿ ಆನೆಯೂ, ಇನ್ನೊಂದರಲ್ಲಿ ಆತನು ಊರಿಗಿಟ್ಟ ‘ಫರ್ರುಖ್‌ಯಾಬ್ ಹಿಸಾರ್’ ಎಂಬ ಹೆಸರೂ ಇರುವುವು. ಅವು ಸುತ್ತಿಗೆಯ ಏಟಿನಿಂದ ಮೂಡಿದವು. ಬಿಲ್ಲೆಯನ್ನು ಹಿಡಿದಿಡುವ ಬಳೆ ಅಲ್ಲಿರಲಿಲ್ಲ. ಆನೆಯ ಸೊಂಡಿಲು ಅಂಚಿನಾಚೆ ಹೋದರೆ ಅದು ಅಪರೂಪದ ತಪ್ಪಲ್ಲ, ಆ ಕೆಲಸದ ಸಹಜ ಲಕ್ಷಣ.

ಇದಕ್ಕೂ ಹಳೆಯ ನಾಣ್ಯಗಳು ಚಿತ್ರದುರ್ಗದ ಮಗ್ಗುಲಿನ ಚಂದ್ರವಳ್ಳಿಯಲ್ಲಿ ದೊರೆತಿವೆ. 1929ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರೂ 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಅಲ್ಲಿ ಅಗೆಸಿದರು. ಶಾತವಾಹನರ ಕಾಲದ ಸೀಸದ ನಾಣ್ಯಗಳೊಡನೆ ರೋಮಿನ ತಿಬೇರಿಯಸ್ ಚಕ್ರವರ್ತಿಯ ಬೆಳ್ಳಿಯ ನಾಣ್ಯವೂ ಸಿಕ್ಕಿತು. ಆತನು ಆಳಿದುದು ಕ್ರಿ.ಶ. 14ರಿಂದ 37ರವರೆಗೆ. ಆದುದರಿಂದ ಅಂತಹ ನಾಣ್ಯ ಹುದುಗಿದ ಪದರವು ಅದಕ್ಕಿಂತ ಹಿಂದಿನದಾಗಿರಲಾರದು. ಸವೆದು ಮಸುಕಾದ ಒಂದು ಬಿಲ್ಲೆಯಿಂದ ಇಡೀ ಊರಿನ ಕಾಲವನ್ನು ಗುರುತಿಸಲು ನೆರವಾಗುವುದು!

ಆದುದರಿಂದ ವಿಚಿತ್ರವಾದ ನಾಣ್ಯ ಕೈಗೆ ಬಂದೊಡನೆ ಹುಣಿಸೆಹಣ್ಣು ಹಚ್ಚಿ ಉಜ್ಜಬೇಡಿರಿ. ಉಜ್ಜಿದರೆ ತಪ್ಪಿನ ಸಾಕ್ಷ್ಯವೂ ಹಾನಿಯ ಸಾಕ್ಷ್ಯವೂ ಒಟ್ಟಿಗೇ ಅಳಿಯುವುವು. ಹೊಲದಲ್ಲಿ ಸಿಕ್ಕಿದ ಹಳೆಯ ನಾಣ್ಯವಾದರೆ ಸಿಕ್ಕಿದ ಜಾಗವನ್ನು ಬರೆದಿಟ್ಟು ಸರ್ಕಾರಕ್ಕೆ ತಿಳಿಸಿರಿ. ಅಂಗಡಿಯ ಚಿಲ್ಲರೆಯಾದರೆ, ಬೆಲೆ ಎಷ್ಟೆಂದು ಕೇಳುವ ಮೊದಲು ‘ಇದು ಹೇಗಾಯಿತು?’ ಎಂದು ಕೇಳಿರಿ. ಹೀಗೆ ಕೇಳಬಲ್ಲವನನ್ನು ಮೋಸಗೊಳಿಸುವುದು ಸುಲಭವಲ್ಲ.