ಹುಣಸೆ ತೋಪಿನ ನೆರಳು ಯಾರ ಸ್ವತ್ತು?

ಚನ್ನರಾಯಪಟ್ಟಣ ಎಂದೊಡನೆ ಬಹುಪಾಲು ಓದುಗರಿಗೆ ನೆನಪಾಗುವುದು ಹಾಸನ ಜಿಲ್ಲೆಯ ತಾಲ್ಲೂಕು ಕೇಂದ್ರ, ಶ್ರವಣಬೆಳಗೊಳದ ದಾರಿ. ಅದೇ ಹೆಸರಿನ ಇನ್ನೊಂದು ಊರು ಬೆಂಗಳೂರಿನ ಮಗ್ಗುಲಲ್ಲೇ ಇದೆ. ದೇವನಹಳ್ಳಿ ತಾಲ್ಲೂಕಿನ ಈ ಹೋಬಳಿ ಕೇಂದ್ರ ನಾಡಿನ ಗಮನ ಸೆಳೆದದ್ದು ಒಂದು ದೀರ್ಘ ಧರಣಿಯಿಂದ. ಇಲ್ಲಿನ 13 ಹಳ್ಳಿಗಳ 1,777 ಎಕರೆ ಜಮೀನನ್ನು ಕೈಗಾರಿಕೆಗಾಗಿ ಸ್ವಾಧೀನಪಡಿಸಿಕೊಳ್ಳಲು ಸರ್ಕಾರ 2021ರಲ್ಲಿ ಹೊರಟಿತು. 2022ರ ಏಪ್ರಿಲ್ 4ರಂದು ರೈತರು ಧರಣಿ ಕುಳಿತರು. 1,198 ದಿನಗಳ ನಂತರ, 2025ರ ಜುಲೈ 15ರಂದು, ಸ್ವಾಧೀನ ಪ್ರಕ್ರಿಯೆಯನ್ನು ಕೈಬಿಡುವುದಾಗಿ ಮುಖ್ಯಮಂತ್ರಿಗಳು ಘೋಷಿಸಿದರು. ಸ್ವಇಚ್ಛೆಯಿಂದ ಜಮೀನು ಕೊಡುವವರಿಂದ ಕೊಳ್ಳಲು ಸರ್ಕಾರ ಸಿದ್ಧವಿದೆ ಎಂಬ ಮಾತೂ ಆ ಘೋಷಣೆಯಲ್ಲಿತ್ತು.

ಈ ಸೀಮೆಯಲ್ಲಿ ಧರಣಿ ಕೂರಲಾರದ, ಮನವಿ ಪತ್ರ ಸಲ್ಲಿಸಲಾರದ ಇನ್ನೊಂದು ನೆಲವೂ ಇದೆ. ಅದು ನಲ್ಲೂರಿನ ಹುಣಸೆ ತೋಪು. 50 ಎಕರೆಗೂ ಮಿಕ್ಕ ಈ ನೆಲದಲ್ಲಿ ಸುಮಾರು 300 ಹುಣಸೆ ಮರಗಳಿವೆ. 2007ರಲ್ಲಿ ಕರ್ನಾಟಕ ಸರ್ಕಾರ ಇದನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿತು. 2002ರ ಜೀವವೈವಿಧ್ಯ ಕಾಯ್ದೆಯ ಅಡಿಯಲ್ಲಿ ಇಡೀ ದೇಶದಲ್ಲಿ ಇಂತಹ ಮಾನ್ಯತೆ ಪಡೆದ ಮೊದಲ ತಾಣ ಇದೇ. ಚಿಕ್ಕಮಗಳೂರಿನ ಹೊಗರೇಕಾನು, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣ, ಶಿವಮೊಗ್ಗ ಜಿಲ್ಲೆಯ ಅಂಬಾರಗುಡ್ಡ ಇವೆಲ್ಲ ಆ ಗೌರವಕ್ಕೆ ಪಾತ್ರವಾದದ್ದು ನಂತರ. ಆದರೂ ರಾಜಧಾನಿಯಿಂದ ಒಂದೆರಡು ಗಂಟೆಯ ದಾರಿಯಲ್ಲಿರುವ ಈ ತೋಪನ್ನು ಕಂಡವರು ವಿರಳ. ಪ್ರತಿ ಭಾನುವಾರ ನಂದಿಬೆಟ್ಟಕ್ಕೆ ಸಾಲುಗಟ್ಟುವ ಕಾರುಗಳಲ್ಲಿ ಒಂದೂ ಇತ್ತ ಹೊರಳುವುದು ಅಪರೂಪ.

ಕಳೆದ ಮಾಗಿಯಲ್ಲಿ ಒಂದು ವಾರದ ದಿನ ನಾನು ಅಲ್ಲಿಗೆ ಹೋಗಿದ್ದೆ. ತೋಪಿನ ಒಳಗೆ ಹತ್ತು ಹೆಜ್ಜೆ ಇಡುವಷ್ಟರಲ್ಲಿ ರಸ್ತೆಯ ಸದ್ದು ಅಡಗಿತು. ಮೊದಲು ಕಣ್ಣು ಸೆಳೆದದ್ದು ಕಾಂಡಗಳು. ನಾಲ್ಕಾರು ಜನ ಕೈ ಹಿಡಿದು ನಿಂತರೂ ತಬ್ಬಲಾಗದ ಗಾತ್ರ. ಹಗ್ಗ ಹೊಸೆದಂತೆ ತಿರುಚಿಕೊಂಡ ತೊಗಟೆ. ಕೆಲವಂತೂ ಒಬ್ಬ ಆಳು ಒಳಗೆ ನಿಲ್ಲಬಹುದಾದಷ್ಟು ಪೊಳ್ಳು. ಅಷ್ಟು ಪೊಳ್ಳಾದ ಮರದ ತುದಿಯಲ್ಲೂ ಹಸಿರು ತುಂಬಿತ್ತು, ಕಾಯಿ ತೂಗುತ್ತಿತ್ತು. ಪೊಟರೆಗಳಿಂದ ಗಿಣಿಗಳು ಹಾರಿ ಹೋಗುತ್ತಿದ್ದವು. ಹುಣಸೆಯ ನೆರಳು ಆಲದ ನೆರಳಿನಂತೆ ಗಟ್ಟಿಯಲ್ಲ. ಪುಟ್ಟ ಪುಟ್ಟ ಎಲೆಗಳ ನಡುವಿನಿಂದ ಬಿಸಿಲು ಜರಡಿ ಹಿಡಿದಂತೆ ಸೋಸಿ ನೆಲಕ್ಕೆ ಬೀಳುತ್ತದೆ. ಆಗಾಗ ಆ ಎಲೆಗಳ ಮೇಲೆ ವಿಮಾನವೊಂದು ತಗ್ಗಾಗಿ ಹಾದುಹೋಗುತ್ತಿತ್ತು. 2008ರ ಮೇ ತಿಂಗಳಲ್ಲಿ ಕಾರ್ಯಾರಂಭ ಮಾಡಿದ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಇದೇ ತಾಲ್ಲೂಕಿನಲ್ಲಿದೆ. ತೋಪಿಗೆ ಪಾರಂಪರಿಕ ಪಟ್ಟ ಸಿಕ್ಕಿದ್ದು ಅದಕ್ಕೆ ಒಂದು ವರ್ಷ ಮೊದಲು. ಎರಡರ ಪೈಕಿ ಯಾವುದು ಈ ಸೀಮೆಯ ಭವಿಷ್ಯವನ್ನು ಬರೆಯಿತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಮರಗಳನ್ನು ನೆಟ್ಟವರು ಚೋಳರು ಎಂಬುದು ಜನರ ನಂಬಿಕೆ. ತೋಪಿನ ನಡುವೆ ಪಾಳುಬಿದ್ದ ಗುಡಿಯ ಕಲ್ಲುಗಳಿವೆ. ಅವು ಆ ನಂಬಿಕೆಗೆ ಇಂಬು ಕೊಟ್ಟಿವೆ. ಕಾಲಮಾಪನಕ್ಕೆ ಒಳಪಡಿಸಿದ ಒಂದು ಮರದ ವಯಸ್ಸು 400 ವರ್ಷಗಳಿಗೂ ಹೆಚ್ಚು ಎಂದು ತಿಳಿದುಬಂದಿದೆ. ಎರಡು ಲೆಕ್ಕಗಳ ನಡುವಿನ ಅಂತರವನ್ನು ಕಂಡು ಜನರ ಮಾತು ಸುಳ್ಳೆಂದು ತಳ್ಳಿಹಾಕುವುದು ಸುಲಭ. ಆದರೆ ಹಳೆಯ ಹುಣಸೆಯ ತಿರುಳು ಕೊಳೆತು ಪೊಳ್ಳಾಗುವುದರಿಂದ ಅದರ ಮೊದಲ ವರ್ಷಗಳ ಕಟ್ಟಿಗೆಯೇ ಅಳತೆಗೆ ಸಿಗುವುದಿಲ್ಲ. ಉಳಿದ ಕಟ್ಟಿಗೆ ಹೇಳುವುದು ಮರಕ್ಕೆ ಕನಿಷ್ಠ ಇಷ್ಟು ವಯಸ್ಸಾಗಿದೆ ಎಂಬುದನ್ನು ಮಾತ್ರ. ಮೇಲಾಗಿ ತೋಪಿನ ವಯಸ್ಸೇ ಬೇರೆ, ಮರದ ವಯಸ್ಸೇ ಬೇರೆ. ಒಂದು ಬಿದ್ದರೆ ಅದರ ಬೀಜದಿಂದ ಇನ್ನೊಂದು ಎದ್ದು ತೋಪು ಮುಂದುವರಿಯುತ್ತದೆ.

ವಿಜ್ಞಾನಿಗಳಿಗೆ ಈ ತೋಪು ಮುಖ್ಯವೆನಿಸುವುದು ಈ ಬೀಜದ ಕಾರಣಕ್ಕೇ. ಇಂದಿನ ಹಣ್ಣಿನ ತೋಟಗಳಲ್ಲಿ ಕಸಿ ಗಿಡಗಳದ್ದೇ ಕಾರುಬಾರು. ಸಾವಿರ ಗಿಡವಿದ್ದರೂ ಅವು ಒಂದೇ ತಾಯಿಮರದ ಪ್ರತಿರೂಪಗಳು. ಬೀಜದಿಂದ ಬೆಳೆದ ತೋಪಿನಲ್ಲಿ ಹಾಗಲ್ಲ. ಒಂದರ ಕಾಯಿ ಉದ್ದ, ಇನ್ನೊಂದರದು ಕುಡುಗೋಲಿನಂತೆ ಬಾಗಿದ್ದು. ಒಂದರ ಹುಳಿ ಹಲ್ಲು ಜುಮ್ಮೆನಿಸುತ್ತದೆ, ಇನ್ನೊಂದರಲ್ಲಿ ಸಿಹಿಯ ಸುಳಿವಿರುತ್ತದೆ. ಶತಮಾನಗಳ ಬರಗಾಲಗಳನ್ನು ಉಂಡು ಅರಗಿಸಿಕೊಂಡ ಗುಣಗಳು ಇಲ್ಲಿ ಮರಮರಕ್ಕೂ ಬೇರೆಬೇರೆಯಾಗಿ ಕೂಡಿಟ್ಟಿವೆ. ಮುಂದೊಂದು ದಿನ ಹೊಸ ರೋಗ ಬಂದಾಗ, ಮಳೆ ಇನ್ನಷ್ಟು ಕೈಕೊಟ್ಟಾಗ ತಳಿ ತಜ್ಞರು ಹುಡುಕಿ ಬರಬೇಕಾದ ಭಂಡಾರ ಇದು.

ಹುಣಸೆ ಮೂಲತಃ ಆಫ್ರಿಕಾದ ಉಷ್ಣವಲಯದ್ದು ಎಂದರೆ ನಮ್ಮಲ್ಲಿ ಹಲವರು ಒಪ್ಪಲಾರರು. ಅರಬರೂ ಒಪ್ಪಿರಲಿಲ್ಲ, ಅವರು ಅದನ್ನು 'ತಮರ್ ಹಿಂದಿ', ಅಂದರೆ ಹಿಂದೂಸ್ತಾನದ ಖರ್ಜೂರ ಎಂದು ಕರೆದರು. ಇಂಗ್ಲಿಷಿನ ಹೆಸರು ಹುಟ್ಟಿದ್ದು ಅಲ್ಲಿಂದ. ಬಯಲುಸೀಮೆಯ ಬದುಕಿನಲ್ಲಿ ಅದು ಬೆರೆತ ಪರಿ ಹಾಗಿದೆ. ಸಾರು, ಗೊಜ್ಜು, ಪುಳಿಯೋಗರೆಗಳಿಗೆ ಹಣ್ಣು, ಚಿಗುರಿನ ಕಾಲದಲ್ಲಿ ಚಿಗುರೇ ಸಾರಿಗೆ, ಕಂಬಳಿ ನೇಯುವವರಿಗೆ ಬೀಜದ ಗಂಜಿ, ಚೌಕಾಬಾರಕ್ಕೆ ಸೀಳಿದ ಬೀಜ, ಗಾಣಕ್ಕೆ ಕಟ್ಟಿಗೆ, ಹಿತ್ತಾಳೆಯ ದೀಪ ಬೆಳಗಲು ಹಿಂಡಿ ಉಳಿದ ಚರಟ. ಯಾವುದೂ ಹಾಳಾಗುತ್ತಿರಲಿಲ್ಲ.

ಈ ತೋಪು ಇಷ್ಟು ಶತಮಾನ ಉಳಿದದ್ದಕ್ಕೂ ಉತ್ತರ ಇಲ್ಲೇ ಇದೆ ಎಂದು ನನಗೆ ತೋರುತ್ತದೆ. 2007ಕ್ಕೆ ಮೊದಲು ಇದನ್ನು ಕಾಯಲು ಯಾವ ವಿಶೇಷ ಕಾಯ್ದೆಯೂ ಇರಲಿಲ್ಲ. ಕಾದದ್ದು ಮೂರು ಸಂಗತಿಗಳು: ಉಪಯೋಗ, ಭಕ್ತಿ ಮತ್ತು ಭಯ. ಫಸಲು ಬರುವ ಮರವನ್ನು ಯಾರೂ ಕಡಿಯರು. ಗುಡಿಯಿರುವ ನೆಲದ ಮರಕ್ಕೆ ಕೊಡಲಿ ಹಾಕಲು ಕೈ ಹಿಂಜರಿಯುತ್ತದೆ. ಇನ್ನು ಹುಣಸೆ ಮರದಲ್ಲಿ ದೆವ್ವಗಳ ವಾಸ ಎಂಬ ಹಳ್ಳಿಗರ ನಂಬಿಕೆಯನ್ನು ವಿಚಾರವಂತರು ಎಷ್ಟು ಹಾಸ್ಯ ಮಾಡಿದರೂ ಕತ್ತಲಾದ ಮೇಲೆ ಮರಗಳ್ಳರನ್ನು ದೂರವಿಟ್ಟ ಶ್ರೇಯಸ್ಸು ಆ ದೆವ್ವಗಳಿಗೂ ಸಲ್ಲಬೇಕು.

ಈಗ ಮೂರೂ ಸಡಿಲವಾಗಿವೆ. ಹುಣಸೆಹಣ್ಣು ಪೊಟ್ಟಣದಲ್ಲಿ ಸಿಗುತ್ತದೆ. ದೆವ್ವಗಳು ವಿದ್ಯುದ್ದೀಪಕ್ಕೆ ಅಂಜಿ ಊರು ಬಿಟ್ಟಿವೆ. ಸುತ್ತಲಿನ ಎಕರೆಯ ಬೆಲೆ ಕೋಟಿಗಳಲ್ಲಿ ಮಾತಾಡುವಾಗ ಮರದ ಫಸಲಿನ ಬೆಲೆ ಯಾವ ಲೆಕ್ಕ? ನಾನು ಹೋದ ದಿನ ಒಂದು ಮರದ ಪೊಟರೆಯಲ್ಲಿ ಮದ್ಯದ ಬಾಟಲಿಗಳು ತುಂಬಿದ್ದವು. ಬಿದ್ದ ಮರಗಳ ಕಾಂಡಗಳಿದ್ದವು. ಆದರೆ ಹುಡುಕಿದರೂ ಎಳೆಯ ಹುಣಸೆ ಸಸಿಗಳು ಕಂಡದ್ದು ಬೆರಳೆಣಿಕೆಯಷ್ಟು. ಮುದುಕರಷ್ಟೇ ಉಳಿದ ಮನೆಯಂತೆ ತೋರಿತು ತೋಪು. ಬಾಟಲಿಗಳನ್ನು ಒಂದು ದಿನದಲ್ಲಿ ಎತ್ತಬಹುದು. ಮರಿಗಳಿಲ್ಲದಿರುವುದು ಅದಕ್ಕಿಂತ ದೊಡ್ಡ ಆತಂಕ.

ಇದು ನಲ್ಲೂರೊಂದರ ಕಥೆಯಲ್ಲ. ಹಳೆಯ ಮೈಸೂರು ಸೀಮೆಯ ಬಹುತೇಕ ಹಳ್ಳಿಗಳಿಗೆ ಒಂದೊಂದು ಗುಂಡುತೋಪು ಇತ್ತು. ಮಾವು, ನೇರಳೆ, ಹೊಂಗೆ, ಹುಣಸೆ, ಹಿಪ್ಪೆ ಮರಗಳ ಆ ನೆರಳು ದಾರಿಹೋಕರ ಗಾಡಿಗಳಿಗೆ, ಜಾತ್ರೆಯ ಅಡುಗೆಗೆ, ಊರ ದನಗಳಿಗೆ ಸೇರಿತ್ತು. ಕಂದಾಯ ದಾಖಲೆಗಳಲ್ಲಿ 'ಗುಂಡುತೋಪು' ಎಂಬ ಪದ ಈಗಲೂ ಸಿಗುತ್ತದೆ. ಸ್ಥಳಕ್ಕೆ ಹೋದರೆ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ ಅಥವಾ ಬಡಾವಣೆ ಸಿಗುತ್ತದೆ. ಊರಿಗೆ ಶಾಲೆ ಬೇಡವೆಂದು ಯಾರೂ ಹೇಳರು. ಆದರೆ ಪ್ರತಿ ಬಾರಿಯೂ ಎಲ್ಲರ ನೆಲವೇ ಮೊದಲು ಬಲಿಯಾಗುವುದೇಕೆ? ಅದಕ್ಕೆ ಪಹಣಿಯಲ್ಲಿ ಹೆಸರಿರುವ ವಾರಸುದಾರನಿಲ್ಲ ಎಂಬುದೇ ಕಾರಣ. ಸ್ವಂತ ಹೊಲ ಕಳೆದುಕೊಳ್ಳುವ ರೈತ 1,198 ದಿನ ಕೂತಾನು. ಗುಂಡುತೋಪಿಗಾಗಿ ಒಂದು ದಿನವಾದರೂ ಕೂರುವವರು ಯಾರು?

ಕಾನೂನಿನ ಕೊರತೆಯಂತೂ ಇಲ್ಲ. ಹಳ್ಳಿಗಳ ಸಾಮುದಾಯಿಕ ಭೂಮಿಯ ಒತ್ತುವರಿ ತೆರವುಗೊಳಿಸಬೇಕೆಂದು ಸುಪ್ರೀಂ ಕೋರ್ಟ್ 2011ರ ಜನವರಿಯಲ್ಲಿ, ಜಗಪಾಲ್ ಸಿಂಗ್ ಪ್ರಕರಣದಲ್ಲಿ, ಎಲ್ಲ ರಾಜ್ಯಗಳಿಗೂ ನಿರ್ದೇಶನ ನೀಡಿದೆ. ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲೆ ಸಿದ್ಧವಾಗಬೇಕು ಎಂಬುದು 2002ರ ಕಾಯ್ದೆಯ ಆಶಯ. ಆದರೆ ಸಮಿತಿ ಕಾಗದದಲ್ಲಿದ್ದು ಊರಿನವರಿಗೆ ಅದರ ಸುಳಿವೇ ಇಲ್ಲದಿದ್ದರೆ ಮಾನ್ಯತೆಯ ಫಲಕವೊಂದರಿಂದ ಮರಕ್ಕೆ ನೀರು ಸಿಗದು.

ಆಗಬೇಕಾದ ಕೆಲಸಗಳು ದೊಡ್ಡ ವೆಚ್ಚದವಲ್ಲ. ಹುಣಸೆ ಮರಗಳಿಗೆ ಒಂದೊಂದಾಗಿ ಸಂಖ್ಯೆ ಕೊಟ್ಟು ಅವುಗಳ ಕಾಯಿ, ರುಚಿ, ಫಸಲು, ಆರೋಗ್ಯವನ್ನು ಊರ ಶಾಲೆಯ ಮಕ್ಕಳಿಂದಲೇ ಬರೆಸಬಹುದು. ಅದೇ ತೋಪಿನ ಬೀಜದಿಂದ ಸಸಿ ಮಾಡಿ, ಬಿದ್ದ ಮರದ ಜಾಗದಲ್ಲಿ ನೆಟ್ಟು, ನಾಲ್ಕೈದು ವರ್ಷ ಮೇಕೆಗಳ ಬಾಯಿಂದ ಕಾಯಬೇಕು. ಹೊರಗಿನ ನರ್ಸರಿಯ ಕಸಿ ಗಿಡಗಳು ಇಲ್ಲಿಗೆ ಕಾಲಿಡಬಾರದು. ಫಸಲಿನ ಆದಾಯದ ಒಂದು ಪಾಲಾದರೂ ತೋಪಿನ ಕಾವಲಿಗೇ ಮೀಸಲಾಗಬೇಕು. ಎಲ್ಲಕ್ಕಿಂತ ಮಿಗಿಲಾಗಿ, 'ಅಭಿವೃದ್ಧಿ'ಯ ಹೆಸರಿನಲ್ಲಿ ಕಾಂಕ್ರೀಟ್ ಹಾದಿ, ಕಾರಂಜಿ, ಬಣ್ಣದ ದೀಪಗಳು ಬರದಂತೆ ನೋಡಿಕೊಳ್ಳಬೇಕು. ಶತಮಾನಗಳ ಬೇರಿಗೆ ಉಸಿರಾಡಲು ಬೇಕಾದದ್ದು ಸಡಿಲ ಮಣ್ಣು.

ನಗರದ ನಾವು ಏನು ಮಾಡಬಹುದು? ಮೊದಲು ಹೋಗಿ ನೋಡಬಹುದು; ಸದ್ದಿಲ್ಲದೆ, ಕಸ ಬಿಡದೆ. ಬಂದ ಮೇಲೆ ನಮ್ಮ ನಮ್ಮ ಹುಟ್ಟೂರಿನ ದಾಖಲೆಯಲ್ಲಿ ಗುಂಡುತೋಪು ಎಲ್ಲಿತ್ತು, ಎಷ್ಟು ಎಕರೆಯಿತ್ತು, ಈಗ ಏನಾಗಿದೆ ಎಂದು ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಬಹುದು. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ ಕೇವಲ 10 ರೂಪಾಯಿ. ಹುಣಸೆ ಮುಪ್ಪಾದರೂ ಹುಳಿ ಮುಪ್ಪಾಗದು ಎನ್ನುತ್ತಾರೆ ನಮ್ಮ ಹಿರಿಯರು. ಆ ಹುಳಿ ಮುಂದಿನವರ ನಾಲಗೆಗೂ ದಕ್ಕಬೇಕಾದರೆ, ವಾರಸುದಾರರಿಲ್ಲದ ನೆಲಕ್ಕೆ ವಾರಸುದಾರರಾಗಲು ಊರಿನ ನಾಲ್ಕು ಜನ ಮುಂದೆ ಬರಬೇಕು. ಉಳಿದವರು ಅವರ ಬೆನ್ನಿಗೆ ನಿಲ್ಲಬೇಕು.